ಗಾಳಿಗೆ ಎದೆ ಕೊಟ್ಟವರು

ಅಕ್ಟೋಬರ್ 11

ಗೋಡೆಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಸಲುಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಮೂರು ವರ್ಷವಾಯಿತು. ಲಕೋಟೆಯ ಮೇಲೆ ನಿನ್ನ ನಿಜವಾದ ಹೆಸರು ಬರೆಯುವಾಗ ಯಾರೋ ಗುರುತಿಲ್ಲದವರಿಗೆ ಬರೆಯುತ್ತಿದ್ದೇನೆ ಅನ್ನಿಸಿತು. ತಂಡದಲ್ಲಿ ಯಾರಾದರೂ ನಿನ್ನನ್ನು ಆ ಹೆಸರಿನಿಂದ ಕರೆದದ್ದುಂಟೇ? ಎದುರುಗಾಳಿಗೆ ನೀನು ಸೈಕಲ್ ತಂದು ಅಡ್ಡ ಹಿಡಿದರೆ ಹಿಂದೆ ನನ್ನಂಥ ಗಿಡ್ಡಿಯ ಒಂದು ಕೂದಲೂ ಅಲುಗುತ್ತಿರಲಿಲ್ಲ. ನೀನು ಗೋಡೆ, ನಾನು ಗಿಡ್ಡಿ. ಎಂಟು ವರ್ಷ ಒಂದೇ ತಂಡದಲ್ಲಿ ನಾವು ಹಾಗೇ ಇದ್ದೆವು. ಬಯಲಿನುದ್ದಕ್ಕೂ ನೀನು ಗಾಳಿ ಸೀಳುತ್ತಿದ್ದೆ, ಕೊನೆಯ ಏರಿಗೆ ನಾನು ಕಾಲು ಉಳಿಸಿಕೊಳ್ಳುತ್ತಿದ್ದೆ.

ವಿಳಾಸ ಕೊಟ್ಟವರು ನಮ್ಮ ಮೆಕ್ಯಾನಿಕ್ ಮಾಮ. "ಫೋನ್ ನಂಬರೇ ಇದೆಯಲ್ಲ, ತಗೋ" ಅಂದರು. ಬೇಡ ಅಂದೆ. ಫೋನಿನಲ್ಲಾದರೆ ನಾನು ಎರಡನೇ ಮಾತಿಗೇ ಏನಾದರೂ ತಮಾಷೆ ಮಾಡಿ ಜಾರಿಕೊಂಡುಬಿಡುತ್ತೇನೆ. ನಿನಗೆ ಗೊತ್ತಲ್ಲ.

ಈ ವರ್ಷದ ರೇಸುಗಳು ಮುಗಿದವು. ಪರವಾಗಿಲ್ಲ ಅನ್ನುವ ಹಾಗಿತ್ತು. ವರ್ಷದ ಮೊದಲಿಗೆ ಬಿಡದ ಕೆಮ್ಮು, ಬೇಸಿಗೆಯಲ್ಲಿ ಮಂಡಿ ನೋವು, ಆಮೇಲೆ ಹೊಸ ಸೀಟು ಹೊಂದಲಿಲ್ಲ. ಮೆಕ್ಯಾನಿಕ್ ಮಾಮ ಅದನ್ನು ಎಷ್ಟು ಸಲ ಏರಿಸಿ ಇಳಿಸಿದರೋ ಲೆಕ್ಕವಿಲ್ಲ. ನಿನ್ನ ಮಂಡಿ ನೋಡುತ್ತಿದ್ದ ಆ ಸಿಡುಕು ಡಾಕ್ಟರು ಇನ್ನೂ ಇದ್ದಾರೆಯೇ? ಅವರ ವಿಷಯ ಕೇಳಬೇಕೆಂದೇ ಮುಖ್ಯವಾಗಿ ಈ ಕಾಗದ.

ನೀನು ಬಸ್ ಓಡಿಸುತ್ತೀಯಂತೆ. ಮಗಳು ಹುಟ್ಟಿದ್ದಾಳಂತೆ. ಎಲ್ಲವೂ ಅಂತೆಕಂತೆಯಾಗಿ ಕೇಳಿದ್ದು.

ಮುಖಕ್ಕಿಂತ ನಿನ್ನ ಬೆನ್ನನ್ನೇ ಚೆನ್ನಾಗಿ ಬಲ್ಲ,
ಗಿಡ್ಡಿ


ಅಕ್ಟೋಬರ್ 24

ಗಿಡ್ಡಿ,

ಡಾಕ್ಟರು ಇದ್ದಾರೆ. ಸಿಡುಕೂ ಇದೆ. ವಿಳಾಸ ಈ ಹಾಳೆಯ ಹಿಂದೆ ಬರೆದಿದ್ದೇನೆ.

ಆದರೆ ನಿನಗೆ ಬೇಕಾಗಿರುವುದು ಡಾಕ್ಟರಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಕೆಮ್ಮು, ಮಂಡಿ, ಸೀಟು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ರೇಸ್ ನೋಡುವುದಿಲ್ಲ ನಿಜ, ಆದರೆ ಬಸ್ ಡಿಪೋದ ಕ್ಯಾಂಟೀನಿನಲ್ಲಿ ದಿನಪತ್ರಿಕೆ ಬರುತ್ತದೆ. ಯಾರೋ ಅದರ ಮೇಲೆ ಟೀ ಲೋಟ ಇಟ್ಟಿದ್ದರು. ಎತ್ತಿದರೆ ಕೆಳಗೆ ನಿನ್ನ ಮುಖ. "ಚಾಂಪಿಯನ್ನಿನ ಸೂರ್ಯ ಮುಳುಗಿದನೇ?" ಅಂತ ತಲೆಬರಹ. ಮುಖದ ಸುತ್ತ ದುಂಡಗೆ ಕಂದು ಕಲೆ. ನನಗೆ ನಗು ಬಂತು, ಆಮೇಲೆ ಬರಲಿಲ್ಲ.

ಹೌದು, ಬಸ್ ಓಡಿಸುತ್ತೇನೆ. ನಗರದ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಹಿಂದೆ ಕೂತವರು ತೂಕಡಿಸುತ್ತಾರೆ, ಜಗಳವಾಡುತ್ತಾರೆ, ಒಬ್ಬಳು ದಿನವೂ ಹುಬ್ಬು ತಿದ್ದಿಕೊಳ್ಳುತ್ತಾಳೆ. ಅವಳಿಗೋಸ್ಕರ ಸಿಗ್ನಲ್ಲಿನಲ್ಲಿ ಮೆತ್ತಗೆ ಬ್ರೇಕ್ ಹಾಕುತ್ತೇನೆ. ಸೈಕಲ್ಲಿನವರು ಮುಂದೆ ಅಡ್ಡ ಬಂದರೆ ಮಾತ್ರ ಎಲ್ಲ ಡ್ರೈವರುಗಳ ಹಾಗೆ ನಾನೂ ಬೈಯುತ್ತೇನೆ. ಹೇಳಿಕೊಳ್ಳಲು ನಾಚಿಕೆ.

ಮಗಳಿಗೆ ಎರಡು ತುಂಬಿತು. ಗಂಡ ದರ್ಜಿ. ಮನೆಯಲ್ಲಿ ಎಲ್ಲಿ ಕೂತರೂ ಗುಂಡುಸೂಜಿ.

ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅದು ಇರಲಿ. ತಂಡದವರು ನಿನಗೆ ಏನು ಹೇಳಿದರು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಇಲ್ಲಿರುವುದು ಉದ್ದಗೋಡೆ.

ಗೋಡೆ


ನವೆಂಬರ್ 2

ಗೋಡೆಗೆ,

ಸರಿ, ನೇರವಾಗಿ ಹೇಳುತ್ತೇನೆ.

ಮ್ಯಾನೇಜರು ಬದಲಾಗಿದ್ದಾರೆ, ಗೊತ್ತಿರಬಹುದು. ಈಗಿನವರು ಒಳ್ಳೆಯವರೇ. ಕಳೆದ ವಾರ ಗ್ಯಾರೇಜಿನ ಮೇಲಿನ ಕೋಣೆಗೆ ಕರೆದರು. ಕೆಳಗೆ ಯಾರೋ ಚೈನು ತೊಳೆಯುತ್ತಿದ್ದರು, ಸೀಮೆಎಣ್ಣೆ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಗೋಡೆಯ ಮೇಲೆ ನನ್ನದೇ ನಾಲ್ಕು ಫೋಟೋ, ನಾಲ್ಕು ಸಲ ಚಾಂಪಿಯನ್ ಆದಾಗಿನವು. ಅವುಗಳ ಕೆಳಗೇ ಕುರ್ಚಿ.

"ಕೂತ್ಕೋ" ಅಂದರು.

"ನಿಂತೇ ಇರ್ತೀನಿ, ಹೇಳಿ."

ಅವರೂ ಎದ್ದು ನಿಂತರು. ಹೀಗೆ ಇಬ್ಬರೂ ಮೇಜಿನ ಆಚೆ ಈಚೆ ನಿಂತುಕೊಂಡೇ ಮಾತಾಡಿದೆವು.

"ನಿನ್ನ ಕಾಲು ಚೆನ್ನಾಗೇ ಇದೆ" ಅಂದರು. "ಆದ್ರೆ ಅದು ಕೊನೇ ಏರಿನ ಕಾಲಲ್ಲ ಈಗ. ಅದಕ್ಕೆ ಮುಂಚೆ ಇರೋ ಬಯಲಿನ ಕಾಲು."

"ಅಂದ್ರೆ?"

"ಮರಿಗೆ ಮುಂದೆ ಒಬ್ಬರು ಬೇಕು. ಅವಳು ಏರು ಹತ್ತೋದನ್ನ ನೀನೇ ನೋಡಿದ್ದೀಯ. ಆದ್ರೆ ಏರು ಬರೋಷ್ಟರಲ್ಲಿ ಗಾಳಿಗೇ ಅರ್ಧ ಸತ್ತಿರ್ತಾಳೆ. ನೀನು ಇರೋದಾದ್ರೆ ಅವಳಿಗೋಸ್ಕರ ಇರು. ಇಲ್ಲಾಂದ್ರೆ..."

ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಮರಿ ಅಂದರೆ ತಂಡಕ್ಕೆ ಬಂದಿರುವ ಹೊಸ ಹುಡುಗಿ. ಇಪ್ಪತ್ತೊಂದು ವರ್ಷ. ಸೇಬು ತಿಂದರೆ ಬೀಜವನ್ನೂ ಬಿಡದೆ ತಿನ್ನುತ್ತಾಳೆ. ಮಾತು ಕಡಿಮೆ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾಳೆ, ಅದೊಂದು ಕಿರಿಕಿರಿ.

ಅಮ್ಮನಿಗೆ ಹೇಳಿದೆ. ಅವಳು ತನ್ನ ಕ್ಷೌರದಂಗಡಿಯಲ್ಲಿ ಒಬ್ಬಾಕೆಯ ತಲೆಗೆ ಬಣ್ಣ ಹಚ್ಚುತ್ತಿದ್ದಳು. "ಏನಾದ್ರೂ ಮಾಡು, ಮೋರೆ ಗಂಟು ಹಾಕ್ಕೊಂಡು ಮಾತ್ರ ಮನೇಲಿ ಕೂತ್ಕೋಬೇಡ. ಬೇಕಾದ್ರೆ ಕೂದ್ಲು ಗುಡಿಸೋಕೆ ಬಾ" ಅಂದಳು. ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಕೆ ಕನ್ನಡಿಯಲ್ಲೇ ನನ್ನನ್ನು ನೋಡಿ ಅಯ್ಯೋ ಪಾಪ ಅಂದರು.

ನೀನೇ ಹೇಳು. ನಾಲ್ಕು ಸಲ ಗೆದ್ದವಳನ್ನು ಇವರು ಗೋಡೆ ಮಾಡಲು ನೋಡುತ್ತಿದ್ದಾರೆ. ಅಷ್ಟು ಕೆಳಕ್ಕೆ ಇಳಿಯುವುದಕ್ಕಿಂತ ಮರ್ಯಾದೆಯಾಗಿ ಬಿಟ್ಟು ಹೋಗುವುದು ಮೇಲಲ್ಲವೇ? ನಿನಗಲ್ಲದೆ ಬೇರೆ ಯಾರಿಗೆ ಇದು ಅರ್ಥವಾದೀತು?

ಗಿಡ್ಡಿ


ನವೆಂಬರ್ 18

ಗೋಡೆಗೆ,

ಉತ್ತರ ಬರಲಿಲ್ಲ. ಅಂಚೆಯವರು ಎಲ್ಲೋ ಕಳೆದಿರಬೇಕು. ಅಥವಾ ನಿನ್ನ ಮಗಳು ಹರಿದಿರಬೇಕು. ದಿನಗಳು ಹತ್ತಿರವಾಗುತ್ತಿವೆ, ನನಗೆ ಊಟ ರುಚಿಸುತ್ತಿಲ್ಲ. ಎರಡು ಸಾಲಾದರೂ ಬರಿ.

ಗಿಡ್ಡಿ


ನವೆಂಬರ್ 22

ಗಿಡ್ಡಿ,

ಅಂಚೆಯವರದು ತಪ್ಪಿಲ್ಲ. ಮಗಳದೂ ಇಲ್ಲ. ನಿನ್ನ ಕಾಗದ ಓದಿ, ಮಡಿಸಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಕಿದ್ದೆ. ಗಂಡ ಗುಂಡಿ ಹುಡುಕುವಾಗ ತೆಗೆದು ಮೇಜಿನ ಮೇಲಿಟ್ಟ. "ಉತ್ತರ ಬರೀಲಿಲ್ವಾ?" ಅಂದ. "ಯಾಕೆ ಬರೀಬೇಕು" ಅಂದೆ. "ಬರೀದೆ ಎರಡು ವಾರದಿಂದ ಪಾತ್ರೆಗಳ ಮೇಲೆ ಸಿಟ್ಟು ತೀರಿಸ್ಕೊಳ್ತಿದ್ದೀಯ, ಅದಕ್ಕೆ" ಅಂದ. ಆದ್ದರಿಂದ ಪಾತ್ರೆಗಳ ಪರವಾಗಿ ಬರೆಯುತ್ತಿದ್ದೇನೆ.

"ಅಷ್ಟು ಕೆಳಕ್ಕೆ." ಹಾಗೆ ಬರೆದಿದ್ದೀಯ. ಗೋಡೆಗೂ ಕಿವಿ ಇರುತ್ತದೆ, ಗಿಡ್ಡಿ.

ನೀನು ಮೂರನೇ ಸಲ ಚಾಂಪಿಯನ್ ಆದ ದಿನ ನಿನಗೆ ನೆನಪಿರುವುದು ಬೆಟ್ಟದ ತುದಿ, ಹೂಮಾಲೆ, ಕ್ಯಾಮೆರಾ. ನನ್ನದು ಬೇರೆ. ಹೊಳೆಯ ಪಕ್ಕದ ಆ ನೇರ ರಸ್ತೆಯಲ್ಲಿ ಗಾಳಿ ಎದುರಿನಿಂದ ಬರುತ್ತಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. ನಮ್ಮ ಉಳಿದವರೆಲ್ಲ ಹಿಂದೆ ಬಿದ್ದಿದ್ದರು. ನಾನು, ನನ್ನ ಹಿಂದೆ ನೀನು, ಅಷ್ಟೇ. ಬೆಟ್ಟದ ಬುಡದವರೆಗೆ ಎಳೆದೆ. ಅಲ್ಲಿ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. "ಹೋಗು" ಅಂದೆ. ನೀನು ನನ್ನ ಪಕ್ಕದಿಂದ ಹಾದುಹೋದೆ, ನೋಡಲೂ ಇಲ್ಲ. ನೋಡಬಾರದು. ನೋಡಿದ್ದರೆ ನಾನೇ ಬೈಯುತ್ತಿದ್ದೆ.

ಆಮೇಲೆ ನಾನು ಒಬ್ಬಳೇ ಆ ಬೆಟ್ಟ ಹತ್ತಿದೆ. ಕಾಲು ನಡುಗುತ್ತಿತ್ತು. ಮೂರನೇ ತಿರುವಿನಲ್ಲಿದ್ದಾಗ ಮೇಲಿನಿಂದ ಧ್ವನಿವರ್ಧಕದಲ್ಲಿ ನಿನ್ನ ಹೆಸರು ಕೇಳಿಸಿತು. ಜನ ಕೂಗಿದ್ದು ಕೇಳಿಸಿತು. ನಾನು ಜೋರಾಗಿ ನಕ್ಕುಬಿಟ್ಟೆ, ಒಬ್ಬಳೇ, ಕಣ್ಣಲ್ಲಿ ನೀರು ಬರುವ ಹಾಗೆ. ಪಕ್ಕದಲ್ಲಿ ಬರುತ್ತಿದ್ದ ಮೋಟಾರ್‌ಸೈಕಲ್ಲಿನವನು ನನಗೆ ತಲೆ ಕೆಟ್ಟಿತು ಅಂದುಕೊಂಡು ನೀರಿನ ಬಾಟಲಿ ಕೊಟ್ಟ. ನನ್ನ ಮದುವೆಯ ದಿನ ಬಿಟ್ಟರೆ ಅಂಥ ಇನ್ನೊಂದು ದಿನ ನನಗೆ ಸಿಕ್ಕಿಲ್ಲ. ಮದುವೆಯ ದಿನವೂ ಅಷ್ಟು ನಕ್ಕಿರಲಿಲ್ಲ, ಚಪ್ಪಲಿ ಕಚ್ಚುತ್ತಿತ್ತು.

ಅದು ಕೆಳಗೆ ಇಳಿಯುವುದಲ್ಲ.

ಇನ್ನೊಂದು ಮಾತು. ಬರೆಯಲು ಕೂತಿದ್ದೇನೆ, ಅದೂ ಆಗಿಹೋಗಲಿ. ನಾನು ಬಿಟ್ಟದ್ದಲ್ಲ, ನನ್ನನ್ನು ಬಿಟ್ಟರು. ನೀನು ನಾಲ್ಕನೇ ಸಲ ಗೆದ್ದ ಮಾರನೆಯ ಮಧ್ಯಾಹ್ನ, ಹೋಟೆಲಿನ ಊಟದ ಕೋಣೆಯಲ್ಲಿ ಎಲ್ಲರೂ ನಿನ್ನನ್ನು ಕುರ್ಚಿ ಸಮೇತ ಎತ್ತಿದ್ದರಲ್ಲ, ಆಗ ಹಳೆಯ ಮ್ಯಾನೇಜರು ನನ್ನನ್ನು ಹೊರಗೆ ಕರೆದು, ಬೆನ್ನಿನ ವರದಿ ಸರಿಯಿಲ್ಲ, ಮುಂದಿನ ವರ್ಷಕ್ಕೆ ನೀನು ಬೇಡ ಅಂದರು. ಒಳಗೆ ಬಂದೆ. ನೀನು ಮೇಲಿನಿಂದ ನನ್ನತ್ತ ಕೈ ಬೀಸಿದೆ. ಆ ಹೊತ್ತಿನಲ್ಲಿ ಹೇಗೆ ಹೇಳಲಿ? ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ನಿನ್ನನ್ನು ಟಿವಿಯವರು ಕರೆದುಕೊಂಡು ಹೋಗಿದ್ದರು. ನೀನೇ ಕೇಳುತ್ತೀಯ ಅಂತ ಕಾದೆ. ನಿನಗೆ ಎಲ್ಲ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದೀಯ ಅಂದುಕೊಂಡೆ. ಆಮೇಲೆ ಕಾಯುವುದು ಬಿಟ್ಟೆ.

ಸೈಕಲ್ ಅಟ್ಟಕ್ಕೆ ಹೋಯಿತು. ಅಂದಿನಿಂದ ಒಂದು ರೇಸನ್ನೂ ನೋಡಿಲ್ಲ.

ಗೋಡೆ


ನವೆಂಬರ್ 26

ಗೋಡೆ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ. ಹೆಲ್ಮೆಟ್ ತೆಗೆದಿರಲಿಲ್ಲ. ಕೆಳಗಿನ ಮನೆಯವರು "ಏನಾಯ್ತಮ್ಮಾ?" ಅಂದಾಗಲೇ ಗೊತ್ತಾದದ್ದು ನಾನು ಅಳುತ್ತಿದ್ದೇನೆಂದು.

ಆ ಮ್ಯಾನೇಜರು ನನಗೆ ಹೇಳಿದ್ದು ಬೇರೆ. "ಅವಳೇ ಬಿಟ್ಟಳು. ಮದುವೆಯಂತೆ. ಸಾಕಾಯ್ತಂತೆ." ಇಷ್ಟೇ. ಸಾಕಾಯಿತು ಅಂದರೆ ನಾನೇ ಸಾಕಾದೆ ಅಂದುಕೊಂಡೆ. ಎಂಟು ವರ್ಷ ನನ್ನ ಮುಂದೆ ದುಡಿದು, ಹೇಳದೆ ಹೋದಳೆಂದರೆ ನನ್ನ ಮೇಲೆ ಎಷ್ಟು ಬೇಸರವಿರಬೇಡ ಅಂತ ಲೆಕ್ಕ ಹಾಕಿದೆ. ಪ್ರತಿ ಸಲ ಫೋನ್ ಎತ್ತಿದಾಗಲೂ ಅದೇ ಯೋಚನೆ ಬಂದು ಕೆಳಗಿಟ್ಟೆ. ನೀನು ಆ ಕಡೆ ಕಾಯುತ್ತಿದ್ದೆ. ನಾನು ಈ ಕಡೆ ಹೆದರುತ್ತಿದ್ದೆ. ನಮ್ಮಂಥ ದಡ್ಡರು ಬೇರೆ ಯಾವ ತಂಡದಲ್ಲೂ ಇರಲಾರರು.

ಮ್ಯಾನೇಜರಿಗೆ ಫೋನ್ ಮಾಡಿ ನಾಲ್ಕು ದಿನ ಹೆಚ್ಚು ಕೇಳಿದ್ದೇನೆ. ಶನಿವಾರ ಬೆಳಗಿನ ರೈಲಿಗೆ ನಿನ್ನಲ್ಲಿಗೆ ಬರುತ್ತೇನೆ. ಸೈಕಲ್ಲನ್ನೂ ತರುತ್ತೇನೆ. ಬೇಡವಾದರೆ ಬಾಗಿಲು ತೆಗೆಯಬೇಡ. ನಾನು ಹೊರಗೆ ನಿಂತು ಅಕ್ಕಪಕ್ಕದವರಿಗೆಲ್ಲ ನೀನು ನಿದ್ದೆಯಲ್ಲಿ ಹೇಗೆ ಗೊರಕೆ ಹೊಡೆಯುತ್ತೀಯ ಅಂತ ಹೇಳಿ ವಾಪಸು ಹೋಗುತ್ತೇನೆ.

ಗಿಡ್ಡಿ


ಡಿಸೆಂಬರ್ 3

ಗಿಡ್ಡಿ,

ನೀನು ಹೋದ ಮೇಲೆ ಮನೆಯಲ್ಲಿ ಎರಡು ಮಾತು. ಒಂದು, ಮಗಳದು: "ಚಿಕ್ಕ ಅತ್ತೆ ಎಲ್ಲಿ?" ನೀನು ಅವಳಿಗಿಂತ ಸ್ವಲ್ಪ ದೊಡ್ಡವಳು ಅಷ್ಟೇ ಅಂತ ಅವಳ ಎಣಿಕೆ. ಇನ್ನೊಂದು, ಗಂಡನದು: "ಅಷ್ಟು ಸಣ್ಣ ಹೊಟ್ಟೇಲಿ ಅಷ್ಟೊಂದು ಊಟ ಎಲ್ಲಿ ಹೋಯ್ತು?"

ಅಟ್ಟದಿಂದ ಇಳಿಸಿದ ಸೈಕಲ್ ತುಳಿದದ್ದಕ್ಕೆ ಬೆನ್ನು ಎರಡು ದಿನ ನನ್ನನ್ನು ಮಾತಾಡಿಸಿತು. ಮೂರನೇ ದಿನ ಸುಮ್ಮನಾಯಿತು. ಇವತ್ತು ಬಸ್ಸಿನ ಸೀಟಿನಲ್ಲಿ ಕೂತಾಗ, ಬಹಳ ದಿನದ ಮೇಲೆ, ಕಾಲು ಇದೆ ಅನ್ನಿಸಿತು.

ಕೆರೆಯ ಸುತ್ತಿನ ಆ ರಸ್ತೆಯಲ್ಲಿ ನಿನಗೆ ಹೇಳಿದ್ದೆಲ್ಲ ಉಸಿರಿಲ್ಲದೆ ಹೇಳಿದ್ದು, ಅರ್ಧ ಗಾಳಿಗೆ ಹೋಯಿತು. ಅದಕ್ಕೆ ಮತ್ತೆ ಬರೆಯುತ್ತೇನೆ. "ನೀನು ಮುಂದೆ ಹೋಗು, ನಾನು ಹಿಂದೆ" ಅಂದಾಗ ನೀನು ಏನು ಮಾಡಿದೆ? ಕಣ್ಣು ಮಿಟುಕಿಸುವುದರೊಳಗೆ ಮಾಯ! ನಾನು ಹಿಂದಿನಿಂದ "ಏಯ್, ಏಯ್!" ಅಂತ ಕೂಗುತ್ತಾ ಉಳಿದೆ. ಒಬ್ಬ ಅಜ್ಜ ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು, ನೀನು ಏನೋ ಕದ್ದು ಓಡುತ್ತಿದ್ದೀಯ ಅಂದುಕೊಂಡರು. ತಿರುಗಿ ಬಂದು "ಯಾಕೆ ನಿಂತೆ?" ಅಂತ ನನ್ನನ್ನೇ ಕೇಳಿದೆಯಲ್ಲ.

ನೀನು ಹುಟ್ಟಾ ಓಡಿಹೋಗುವವಳು. ಹಿಂದಿರುವವರನ್ನು ಉದುರಿಸುವುದೇ ಇಷ್ಟು ವರ್ಷ ನಿನ್ನ ಕೆಲಸ. ಈಗ ಅದನ್ನು ಮರೆಯಬೇಕು. ಹಿಂದಿರುವವಳ ಉಸಿರು ನಿನಗೆ ಕೇಳಿಸುತ್ತಿರಬೇಕು. ಕೇಳಿಸದಿದ್ದರೆ ನೀನು ಒಬ್ಬಳೇ ಹೋಗುತ್ತಿದ್ದೀಯ, ಅಷ್ಟೇ. ಗಾಳಿ ಎಡದಿಂದ ಬಂದರೆ ಅವಳಿಗೆ ಬಲಗಡೆ ಜಾಗ ಬಿಡು. ಗುಂಡಿ ಬಂದರೆ ಕೈ ತೋರಿಸು. ನಿನಗೆ ಕಾಣುವುದು ಅವಳಿಗೆ ಕಾಣುವುದಿಲ್ಲ, ಅವಳಿಗೆ ಕಾಣುವುದು ನಿನ್ನ ಬೆನ್ನು ಮಾತ್ರ. ಮೂರನೇ ಸುತ್ತಿನಲ್ಲಿ ನಿನಗೆ ಸ್ವಲ್ಪ ಬಂತು. ನಿನ್ನ ಹಿಂದೆ ನನಗೆ ಗಾಳಿ ತಾಗಲಿಲ್ಲ ಅಂತ ಹೇಳಿದರೆ ಸುಳ್ಳು. ನೀನು ಇರುವುದೇ ಅಷ್ಟು, ನನ್ನ ಅರ್ಧಕ್ಕೆ ಸಾಕು. ಆದರೆ ಮರಿ ಸಣ್ಣವಳು ಅಂದೆಯಲ್ಲ, ಅವಳಿಗೆ ಧಾರಾಳ.

ಒಂದು ಕೆಲಸ ಮಾಡು. ತಂಡದವರಿಗೆ ಉತ್ತರ ಏನು ಕೊಟ್ಟೆ ಅಂತ ತಿಳಿಸು. ರೈಲು ಹತ್ತುವಾಗ ಕೇಳಿದೆ. ನೀನು ಕಿಟಕಿಯಿಂದ ಏನೋ ಹೇಳಿದೆ, ಗಾಜು ಮುಚ್ಚಿತ್ತು.

ಗೋಡೆ


ಜನವರಿ 19

ಗೋಡೆಗೆ,

ಗಾಜಿನ ಹಿಂದೆ ಹೇಳಿದ್ದು "ಹೂಂ" ಅಂತ. ಒಂದು ವರ್ಷಕ್ಕೆ ಸಹಿ ಹಾಕಿದೆ. ಒಂದೇ ವರ್ಷ. ಅದರಾಚೆ ಏನು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

ಈಗ ತರಬೇತಿ ಶಿಬಿರದಲ್ಲಿದ್ದೇವೆ. ಕಡಲ ಪಕ್ಕದ ಹೋಟೆಲು, ಈ ಕಾಲದಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಒಗೆದ ಜೆರ್ಸಿಗಳು ಬಾಲ್ಕನಿಯುದ್ದಕ್ಕೂ ನೇತಾಡುತ್ತಿವೆ. ನನ್ನ ಕೋಣೆಯಲ್ಲಿ ಮರಿಯನ್ನೇ ಹಾಕಿದ್ದಾರೆ.

ಕೆಲಸ ಕೆಡುತ್ತಿದೆ, ಗೋಡೆ. ನಾನು ಮುಂದೆ ಹೋಗುತ್ತೇನೆ, ಉಸಿರು ಕೇಳುತ್ತೇನೆ, ಚೆನ್ನಾಗಿದೆ ಅಂದುಕೊಳ್ಳುತ್ತೇನೆ. ತಿರುಗಿದರೆ ಇಲ್ಲ! ಬೇರೆ ಯಾರದೋ ಉಸಿರು. ನಿನ್ನೆ ಮೂರನೇ ಸಲ ಹೀಗಾಯಿತು. ಮ್ಯಾನೇಜರು ಕಾರಿನಿಂದ ತಲೆ ಹೊರಗೆ ಹಾಕಿ, "ಯಾರನ್ನ ಕರ್ಕೊಂಡು ಹೋಗ್ತಿದ್ದೀಯ? ನಿನ್ನ ನೆರಳನ್ನಾ?" ಅಂದರು. ಎಲ್ಲರಿಗೂ ಕೇಳಿಸಿತು.

ಕೋಣೆಗೆ ಬಂದು ಮರಿಯನ್ನು ಕೇಳಿದೆ. "ನಾನು ಜಾಸ್ತಿ ವೇಗ ಹೋದ್ರೆ ಹೇಳೋಕೆ ಏನು ನಿಂಗೆ?"

ಅವಳು ಸಾಕ್ಸ್ ಮಡಿಸುತ್ತಿದ್ದಳು. "ನಿಮಗೆ ಹೇಗೆ ಹೇಳ್ಲಿ ಅಕ್ಕಾ?"

"ಬಾಯಿಂದ."

"ಹಾಗಲ್ಲ. ನಾನು ಹನ್ನೊಂದು ವರ್ಷದವಳಿದ್ದಾಗ ನಿಮ್ಮನ್ನ ನೋಡೋಕೆ ಅಪ್ಪನ ಹೆಗಲ ಮೇಲೆ ಕೂತು ಬಂದಿದ್ದೆ. ನಿಮಗೆ ನಿಧಾನ ಅಂತ ಹೇಗೆ ಹೇಳ್ಲಿ?"

ಹನ್ನೊಂದು ವರ್ಷದವಳು ಹೆಗಲ ಮೇಲೆ! ಪಾಪ ಆ ಅಪ್ಪ. ಹಲ್ಲು ಉಜ್ಜಲು ಹೋದೆ.

ನಿನಗೆ ನನ್ನನ್ನು ಕಂಡರೆ ಭಯಭಕ್ತಿ ಯಾವತ್ತೂ ಇರಲಿಲ್ಲ. ಅದನ್ನು ಹೇಗೆ ಸಾಧಿಸಿದೆವು?

ಗಿಡ್ಡಿ


ಫೆಬ್ರವರಿ 1

ಗಿಡ್ಡಿ,

ಹೇಗೆ ಸಾಧಿಸಿದೆವು ಅಂದರೆ, ಮೊದಲ ವಾರವೇ ನೀನು ನನ್ನ ಬ್ರಷ್ಷಿನಲ್ಲಿ ಹಲ್ಲುಜ್ಜಿದೆ. ಆಮೇಲೆ ಭಕ್ತಿ ಎಲ್ಲಿಂದ ಬರಬೇಕು?

ಆ ಹುಡುಗಿಗೆ ನಿನ್ನನ್ನು ಬೈಯಲು ಕಲಿಸು. ತಮಾಷೆಯಲ್ಲ. ದಿನಕ್ಕೊಂದು ಬೈಗುಳದಂತೆ ಪಾಠ ಮಾಡು. ಫೋಟೋದಲ್ಲಿರುವವಳಿಗೆ ಯಾರೂ ನಿಧಾನ ಅನ್ನುವುದಿಲ್ಲ. ಫೋಟೋದಿಂದ ನೀನೇ ಇಳಿದು ಬರಬೇಕು. ಅವಳ ಮುಂದೆ ಸೋಲು, ಕೆಟ್ಟದಾಗಿ ಹಾಡು, ನಿನ್ನ ಒದ್ದೆ ಟವೆಲ್ ಅವಳ ಹಾಸಿಗೆಯ ಮೇಲೆ ಎಸೆ. ಅದು ನಿನಗೆ ಕಷ್ಟವಾಗಲಾರದು.

ನನ್ನ ಸುದ್ದಿ ಕೇಳು. ಡಿಪೋಗೆ ಈಗ ಸೈಕಲ್ಲಿನಲ್ಲೇ ಹೋಗುತ್ತೇನೆ. ಮೊನ್ನೆ ಒಂದು ಬಸ್ಸಿನವನು ಹಾರ್ನ್ ಹೊಡೆದು ಬೈದ. ನೋಡಿದರೆ ನಮ್ಮ ಡಿಪೋದವನೇ! ಕ್ಯಾಂಟೀನಿನಲ್ಲಿ ಅವನನ್ನು ಹಿಡಿದು ಕೂರಿಸಿ ಚೆನ್ನಾಗಿ ದಬಾಯಿಸಿದೆ. ಆಮೇಲೆ ಅವನು ಮೆತ್ತಗೆ, "ನೀವೂ ಹಾಗೇ ಬೈತೀರಲ್ಲ ಮೇಡಂ" ಅಂದ. ಇನ್ನು ಬೈಯುವುದಿಲ್ಲ ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಗೋಡೆ


ಮಾರ್ಚ್ 8

ಗೋಡೆಗೆ,

ಪಾಠ ನಡೆಯುತ್ತಿದೆ. ಮೊದಲ ದಿನ ಮರಿ "ದಯವಿಟ್ಟು ನಿಧಾನ" ಅಂದಳು. ಅದನ್ನೂ ನಾನು ಬಲವಂತವಾಗಿ ಹೇಳಿಸಬೇಕಾಯಿತು. ಎರಡನೇ ವಾರ "ಅಕ್ಕಾ, ನಿಧಾನ" ಅಂದಳು. ಟವೆಲ್ ಎಸೆದದ್ದು ಕೆಲಸ ಮಾಡಿತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ತಲೆಯ ಮೇಲೆ ಹಾಕಿದಳು, ಆಮೇಲೆ ತಾನೇ ಗಾಬರಿಯಾದಳು. ನಾನು ಚಪ್ಪಾಳೆ ತಟ್ಟಿದೆ.

ನಿನಗೆ ಮಾತ್ರ ಹೇಳುವುದು: ಮೊದಲ ರೇಸಿನಲ್ಲಿ, ಏರು ಶುರುವಾಗುವ ಕಡೆ ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಾಗ, ಎದೆಯಲ್ಲಿ ಏನೋ ಕಿತ್ತ ಹಾಗಾಯಿತು. ಎಲ್ಲರೂ ನನ್ನನ್ನು ದಾಟಿ ಹೋದರು. ಹಿಂದೆಲ್ಲ ನಾನು ಅವರ ಬೆನ್ನು ನೋಡಿದವಳೇ ಅಲ್ಲ. ನೀನು ನಕ್ಕೆ ಅಂದೆ. ನನಗೆ ನಗು ಬರಲಿಲ್ಲ. ಮರಿ ಏಳನೆಯವಳಾದಳು. ನಾನು ಹೋಟೆಲಿಗೆ ಬಂದು ಕಿಟಕಿಯ ಪರದೆ ಎಳೆದು ಮಲಗಿದೆ.

ಇದು ನನಗೆ ಆಗುತ್ತದೆಯೇ, ಗೋಡೆ? ಇನ್ನೂ ನನಗೆ ಗೊತ್ತಾಗಿಲ್ಲ.

ಆದರೂ ಮಾರನೆಯ ದಿನ ಬೆಳಿಗ್ಗೆ ಸೈಕಲ್ ಹತ್ತುವಾಗ ಬೇಸರವಿರಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆಯೂ ಹಾಗಿರಲಿಲ್ಲ.

ಗಿಡ್ಡಿ


ಏಪ್ರಿಲ್ 12

ಗಿಡ್ಡಿ,

ನಾನು ನೋಡಿದೆ!

ಇವತ್ತು ನನಗೆ ಮಧ್ಯಾಹ್ನ ಬಿಡುವು. ಕ್ಯಾಂಟೀನಿನ ಟಿವಿ ಹಾಕಿಸಿದೆ. ಹಾರ್ನ್ ಹೊಡೆದವನು ಇದ್ದ, ಟಿಕೆಟ್ ತಪಾಸಣೆಯ ಅಕ್ಕ ಇದ್ದಳು, ಗಂಡ ಅಂಗಡಿ ಮುಚ್ಚಿ ಮಗಳನ್ನು ಎತ್ತಿಕೊಂಡು ಬಂದಿದ್ದ. ಮೊದಲ ಅರ್ಧ ಗಂಟೆ ನನಗೆ ಕೂರಲು ಆಗಲಿಲ್ಲ, ಬಾಗಿಲ ಹತ್ತಿರ ನಿಂತಿದ್ದೆ, ಓಡಿಹೋಗಲು ಅನುಕೂಲವಾಗಿ.

ಆಮೇಲೆ ಬಯಲಿನ ರಸ್ತೆ ಬಂತು. ಮರಗಳೆಲ್ಲ ಒಂದೇ ಕಡೆ ಬಾಗಿದ್ದವು. ನೀನು ಮುಂದೆ, ತಲೆ ತಗ್ಗಿಸಿ. ನಿನ್ನ ಬಲಕ್ಕೆ, ಒಂದು ಗೇಣು ಹಿಂದೆ, ಆ ಹುಡುಗಿ. "ಜಾಗ ಬಿಟ್ಟಿದ್ದಾಳೆ! ನೋಡ್ರೀ, ಜಾಗ ಬಿಟ್ಟಿದ್ದಾಳೆ!" ಅಂತ ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ತಪಾಸಣೆಯ ಅಕ್ಕ "ಗೆದ್ದಳಾ?" ಅಂದಳು. "ಗೆಲ್ಲೋದಕ್ಕಿಂತ ದೊಡ್ಡದು, ಸುಮ್ನಿರಿ" ಅಂದೆ.

ಒಂದು ಕಡೆ ಆ ಹುಡುಗಿ ನಿನ್ನತ್ತ ಏನೋ ಜೋರಾಗಿ ಕಿರುಚಿದಳು. ಏನದು?

ಏರು ಬಂದಾಗ ನೀನು ಪಕ್ಕಕ್ಕೆ ಸರಿದೆ. ಕ್ಯಾಮೆರಾ ಅವಳ ಹಿಂದೆ ಹೋಯಿತು. ಅವಳು ಗೆದ್ದಳು, ಎಲ್ಲರೂ ಮೇಜು ಬಡಿದರು, ಮಗಳು ಹೆದರಿ ಅತ್ತಳು. ನಾನು ಮಾತ್ರ ಪರದೆಯ ಮೂಲೆಯಲ್ಲಿ ನೀನು ಬರುವುದನ್ನೇ ಕಾದೆ. ಕಾರ್ಯಕ್ರಮ ಮುಗಿದು ಸೋಪಿನ ಜಾಹೀರಾತು ಬಂತು. ನೀನು ಬರಲಿಲ್ಲ. ಆಮೇಲೆ ಏನಾಯಿತು ಅಂತ ಬರಿ. ಎಲ್ಲವನ್ನೂ ಬರಿ.

ಬಿಡುವು ಮುಗಿದು ಬಸ್ ತೆಗೆದೆ. ಇಡೀ ದಾರಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ಓಡಿಸಿಲ್ಲ.

ಗೋಡೆ


ಏಪ್ರಿಲ್ 13

ಗೋಡೆಗೆ,

ನೀನು ನೋಡುವುದಿಲ್ಲ ಅಂತ ಗೊತ್ತು, ಅದಕ್ಕೆ ಬೆಳಿಗ್ಗೆ ಎದ್ದ ತಕ್ಷಣ ಬರೆಯುತ್ತಿದ್ದೇನೆ. ಮರಿ ಗೆದ್ದಳು. ವರ್ಷದ ದೊಡ್ಡ ರೇಸ್. ಮುಂದಿನದನ್ನು ಕೇಳು.

ಬಯಲಿನಲ್ಲಿ ಗಾಳಿ ಹೇಗಿತ್ತೆಂದರೆ ದೊಡ್ಡ ಗುಂಪು ಒಡೆದು ಚೂರುಚೂರಾಯಿತು. ನನಗೆ ಹಳೆಯ ಮದ ಬಂತು. ಇನ್ನೊಂದಿಷ್ಟು ತುಳಿದರೆ ಎಲ್ಲರನ್ನೂ ಉದುರಿಸಬಹುದು ಅನ್ನಿಸಿ ತುಳಿದೇಬಿಟ್ಟೆ. ಆಗ ಹಿಂದಿನಿಂದ ಕೇಳಿಸಿತು:

"ಏ ಗಿಡ್ಡೀ! ಎಲ್ಲಿಗ್ ಓಡ್ತೀಯೇ? ನಿಧಾನ!"

ಅಕ್ಕಾ ಇಲ್ಲ, ದಯವಿಟ್ಟು ಇಲ್ಲ. ಗಿಡ್ಡೀ! ಅಕ್ಕಪಕ್ಕದ ತಂಡದವರೂ ತಿರುಗಿ ನೋಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಲು ತಾನಾಗಿ ನಿಧಾನವಾಯಿತು. ಅಲ್ಲಿಂದ ಏರಿನ ಬುಡದವರೆಗೆ ಅವಳ ಉಸಿರು ಒಂದು ಕ್ಷಣವೂ ತಪ್ಪಲಿಲ್ಲ. "ಹೋಗು" ಅಂದೆ. ಹೋದಳು. ನೋಡಲಿಲ್ಲ. ಒಳ್ಳೆಯ ಹುಡುಗಿ.

ಆಮೇಲೆ ನಾನು, ಖಾಲಿ. ಏರಿನಲ್ಲಿ ಒಬ್ಬೊಬ್ಬರೇ ದಾಟಿದರು. ಕಿವಿಯಲ್ಲಿದ್ದ ರೇಡಿಯೋ ಕೆಟ್ಟಿತ್ತು, ಮುಂದೆ ಏನಾಗಿದೆಯೆಂದು ತಿಳಿಯದು. ನಾನು ಮೇಲೆ ಮುಟ್ಟುವಷ್ಟರಲ್ಲಿ ಜನ ಚದುರುತ್ತಿದ್ದರು. ದಾರಿಯ ಬದಿಯಲ್ಲಿ ಒಬ್ಬ ಹೆಂಗಸು ಮಡಚುವ ಕುರ್ಚಿಯ ಜೊತೆ ಗುದ್ದಾಡುತ್ತಿದ್ದಳು.

"ಯಾರು ಗೆದ್ರು?" ಅಂತ ಕೇಳಿದೆ.

"ಯಾರೋ ಚಿಕ್ಕ ಹುಡ್ಗಿ" ಅಂದಳು ಕುರ್ಚಿ ಬಿಡದೆ. "ಹೆಸ್ರು ಗೊತ್ತಿಲ್ಲ. ಗೆದ್ದು ಅಳ್ತಾ ಇದ್ಲು, ಪಾಪ. ಸೇಬು ತಿಂತಾ ಅಳ್ತಾ ಇದ್ಲು."

ಗೋಡೆ, ನಾನು ಸೈಕಲ್ ನಿಲ್ಲಿಸಿದೆ. ಆ ಕುರ್ಚಿಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿಕೊಟ್ಟೆ. ಯಾಕೆಂದರೆ ಏನಾದರೂ ಮಾಡಲೇಬೇಕಿತ್ತು, ಕೈ ಸುಮ್ಮನಿರುತ್ತಿರಲಿಲ್ಲ. ಅವಳು ನನ್ನ ಮುಖ ನೋಡಿ "ನೀವು ಸೋತ್ರಾ?" ಅಂದಳು. "ಇಲ್ಲ, ಇಲ್ಲ" ಅಂದೆ. ಅವಳು ನಂಬಲಿಲ್ಲ. ಪರವಾಗಿಲ್ಲ.

ಗೆರೆ ದಾಟಿದಾಗ ಮರಿ ಓಡಿಬಂದು ಬಿದ್ದಳು ನನ್ನ ಮೇಲೆ. ಇಬ್ಬರೂ ಸೈಕಲ್ ಸಮೇತ ನೆಲಕ್ಕೆ. ಮೆಕ್ಯಾನಿಕ್ ಮಾಮ ಮೊದಲು ಎತ್ತಿದ್ದು ಸೈಕಲ್ಲನ್ನು. ಅಮ್ಮ ಫೋನ್ ಮಾಡಿ, "ಟಿವೀಲಿ ನಿನ್ನ ಕೂದ್ಲು ನೋಡೋಕಾಗ್ತಿರ್ಲಿಲ್ಲ, ಬಂದು ಕತ್ತರಿಸ್ಕೊಂಡು ಹೋಗು" ಅಂದಳು. ಅವಳು ರೇಸನ್ನು ಕೊನೆಯವರೆಗೆ ನೋಡಿದ್ದಾಳೆ ಅಂತ ಅದರಿಂದಲೇ ಗೊತ್ತಾಯಿತು.

ಆಮೇಲೆ ಮ್ಯಾನೇಜರು ಬಂದರು.

"ಮುಂದಿನ ವರ್ಷದ ಬಗ್ಗೆ ನಿನ್ನ ಹತ್ರ ಮಾತಾಡ್ಬೇಕಿತ್ತು" ಅಂದರು.

"ಮಾತಾಡೋಣ" ಅಂದೆ. "ಮೊದ್ಲು ಊಟ ಹಾಕ್ಸಿ."

ಹಾಕಿಸಿದರು. ಉದ್ದನೆಯ ಮೇಜಿಗೆ ಹದಿನೈದು ಜನ. ಮರಿ ತನ್ನದು ಮುಗಿಸಿ ನನ್ನ ತಟ್ಟೆಗೆ ಕೈ ಹಾಕಿದಳು, ಅವಳ ಕೈಗೆ ಒಂದು ಏಟು ಕೊಟ್ಟೆ, ಅವಳು ಮತ್ತೆ ಹಾಕಿದಳು. ಮೆಕ್ಯಾನಿಕ್ ಮಾಮ ಹಾಡಿದರು. ಎಲ್ಲರೂ ಎದ್ದು ಹೋಗುವವರೆಗೂ ಮುಂದಿನ ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಅವರು ಮರೆತರು, ಸರಿ. ನಾನೂ ಮರೆತಿದ್ದೆ, ಈಗ ನಿನಗೆ ಬರೆಯುವಾಗಲೇ ನೆನಪಾದದ್ದು.

ಐವತ್ತೆಂಟನೆಯವಳಾಗಿ ಬಂದ,
ಗಿಡ್ಡಿ